ತುರ್ತು ದಿನಕ್ಕೆ ಸಿದ್ಧ ತಿನಿಸು: ರಾಯಚೂರು ಪೇಟೆಯಲ್ಲಿ ಕೊಳ್ಳಬೇಕಾದ್ದು, ಬಿಡಬೇಕಾದ್ದು

ಪೊಟ್ಟಣದ ಮೇಲೆ ‘ರೆಡಿ ಟು ಈಟ್’ ಅಂತ ಬರೆದದ್ದೆಲ್ಲ ತುರ್ತಿಗೆ ಒದಗುವುದಿಲ್ಲ. ಕರೆಂಟು ಹೋಗಿ, ನಲ್ಲಿ ನಿಂತು, ಸಿಲಿಂಡರೂ ಕೈಕೊಟ್ಟ ದಿನ ತಿನ್ನಬೇಕಾದ ಪದಾರ್ಥಕ್ಕೆ ಎರಡೇ ಪ್ರಶ್ನೆ ಕೇಳಬೇಕು: ಎಷ್ಟು ನೀರು ಬೇಡುತ್ತದೆ, ಎಷ್ಟು ಬೆಂಕಿ ಬೇಡುತ್ತದೆ. ರುಚಿ, ಬೆಲೆ, ಕಂಪನಿ ಎಲ್ಲ ಆಮೇಲಿನ ಮಾತು. ಈ ಲೆಕ್ಕ ಹಿಡಿದು ರಾಯಚೂರು ಪೇಟೆಯಲ್ಲಿ ಸಿಗುವ ತಿನಿಸುಗಳನ್ನು ಒಂದೊಂದಾಗಿ ತೂಗಿದರೆ ಸೂಪರ್ ಮಾರ್ಕೆಟ್ಟಿನ ಬಣ್ಣದ ಕಪಾಟಿಗಿಂತ ಓಣಿಯ ರೊಟ್ಟಿ ಕೇಂದ್ರವೇ ಮುಂದೆ ನಿಲ್ಲುತ್ತದೆ.

ನಮ್ಮ ಜಿಲ್ಲೆಯ ಕಷ್ಟದ ರೀತಿಯೇ ಬೇರೆ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ, ಮಲೆನಾಡಿನಲ್ಲಿ. ಹೊಳೆ ಏರುವುದು ಇಲ್ಲಿ. ಮ್ಯಾಲೆ ಬಿಸಿಲು ಚುರುಗುಡುತ್ತಿರುವಾಗಲೇ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರಂತೆ ಅನ್ನುವ ಸುದ್ದಿ ಬರುತ್ತದೆ, ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಯ ಜನ ಆಚೆಗೇ ಉಳಿಯುತ್ತಾರೆ. 2009ರ ಅಕ್ಟೋಬರ್ ಹೊತ್ತಿನ ಪ್ರವಾಹ, 2019ರ ಆಗಸ್ಟ್ ಪ್ರವಾಹ ಹೊಳೆದಂಡೆಯ ಊರುಗಳಿಗೆ ಇನ್ನೂ ನೆನಪಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋದದ್ದು ನಡುರಾತ್ರಿ. ಅಂಥ ಹೊತ್ತಲ್ಲಿ ಅಂಗಡಿಗೆ ಓಡುವ ಮಾತೇ ಇಲ್ಲ. ಪೇಟೆಯಲ್ಲಿರುವವರಿಗೆ ಮನೆ ಮುಳುಗುವ ಭಯ ಕಡಿಮೆ; ಆದರೆ ಕರೆಂಟು ಹೋದರೆ ನಲ್ಲಿಯೂ ನಿಲ್ಲುತ್ತದೆ, ಓಣಿ ತುದಿಯ ಶುದ್ಧ ನೀರಿನ ಘಟಕವೂ ನಿಲ್ಲುತ್ತದೆ. ಇಷ್ಟು ಸಾಲದೆಂಬಂತೆ ಮೇ ತಿಂಗಳ ಸೆಕೆ ಮನೆಯೊಳಗೇ ಪದಾರ್ಥವನ್ನು ಬೇಯಿಸಿ ಹಾಳು ಮಾಡುತ್ತದೆ. ಪೊಟ್ಟಣದ ಮೇಲಿನ ‘12 ತಿಂಗಳು’ ತಂಪಾದ, ಒಣ ಜಾಗಕ್ಕೆ ಹೇಳಿದ ಮಾತು. ನಮ್ಮ ಆರ್‌ಸಿಸಿ ಚಾವಣಿಯ ಕೆಳಗಿನ ಅಟ್ಟಕ್ಕೆ ಆ ಮಾತು ಒಪ್ಪುವುದಿಲ್ಲ.

ಮೊದಲು ಎಷ್ಟು ಬೇಕು ಅನ್ನುವುದು. ಪರಿಹಾರ ಕೆಲಸದಲ್ಲಿ ಒಬ್ಬರಿಗೆ ದಿನಕ್ಕೆ 2100 ಕ್ಯಾಲೊರಿ ಅಂತ ಹಿಡಿಯುತ್ತಾರೆ. ನಾಲ್ಕು ಜನರ ಮನೆಗೆ 3 ದಿನಕ್ಕೆ ಸುಮಾರು 25,000. ಇದನ್ನು ತುಂಬಲು 60 ಖಡಕ್ ಜೋಳದ ರೊಟ್ಟಿ, 2 ಕಿಲೋ ಅವಲಕ್ಕಿ, 1 ಕಿಲೋ ಶೇಂಗಾ (ಸಿಪ್ಪೆ ಬಿಟ್ಟ ತೂಕ), ಅರ್ಧ ಕಿಲೋ ಪುಟಾಣಿ (ಹುರಿಗಡಲೆ), ಅರ್ಧ ಕಿಲೋ ಬೆಲ್ಲ ಸಾಕು. ರೊಟ್ಟಿ ಒಂದಕ್ಕೆ 40 ಗ್ರಾಂ ಚಿಲ್ಲರೆ ಹಿಡಿದರೂ ಒಟ್ಟು ತೂಕ ಆರೂವರೆ, ಏಳು ಕಿಲೋ ದಾಟುವುದಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಮೇಲಿನ ಲೆಕ್ಕ. ಇದೇ 25,000 ಕ್ಯಾಲೊರಿಯನ್ನು ಬಿಸಿಬೇಳೆಬಾತು, ಪುಲಾವು ಥರದ 300 ಗ್ರಾಂ ರಿಟಾರ್ಟ್ ಪೊಟ್ಟಣಗಳಲ್ಲಿ (ಬೇಯಿಸಿದ ಊಟ ತುಂಬಿ ಮೊಹರು ಹಾಕಿದ ಚೀಲ) ತುಂಬಲು ಹೋದರೆ 60ರ ಆಸುಪಾಸು ಪೊಟ್ಟಣ ಬೇಕು, 18 ಕಿಲೋ. ಆ ತೂಕದಲ್ಲಿ ಬಹುಪಾಲು ನೀರೇ. ಒಂದು ಪೊಟ್ಟಣದ ದುಡ್ಡಿಗೆ ಒಂದು ಕಿಲೋ ಮೇಲೆಯೇ ಅವಲಕ್ಕಿ ಬರುತ್ತದೆ ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಿ.

ಅಕ್ಕಿ ಯಾಕೆ ಈ ಪಟ್ಟಿಯಲ್ಲಿಲ್ಲ ಅಂತ ಸಿಂಧನೂರು, ಮಾನ್ವಿ ಕಡೆಯವರು ಕೇಳಬಹುದು. ಮನೆಯಲ್ಲಿ ಸೋನಾಮಸೂರಿ ಚೀಲಗಟ್ಟಲೆ ಇದ್ದರೂ ಒಂದು ಕಿಲೋ ಅಕ್ಕಿ ಅನ್ನವಾಗಲು ಎರಡು ಲೀಟರ್ ಮೇಲೆ ಒಳ್ಳೆಯ ನೀರು ಬೇಕು, ತೊಳೆಯುವ ನೀರು ಬೇರೆ, ಜೊತೆಗೆ ಬೆಂಕಿ. ನೀರಿಗೇ ಬರ ಇರುವ ದಿನ ಅಕ್ಕಿ ಚೀಲ ಬರೀ ಕೂರುವ ಮಣೆ.

ರೊಟ್ಟಿ ಕೇಂದ್ರದ ಖಡಕ್ ರೊಟ್ಟಿ

ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಬೆಂಕಿ ಬೇಡ, ನೀರು ಬೇಡ, ಕತ್ತರಿ ಚಾಕು ಬೇಡ. ಆದರೆ ಎಲ್ಲ ಕೇಂದ್ರದ ರೊಟ್ಟಿಯೂ ತಿಂಗಳು ಬಾಳುವುದಿಲ್ಲ, ಅದರ ಗುಟ್ಟೆಲ್ಲ ತೇವದಲ್ಲಿದೆ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಬಡಿದು, ಹಂಚಿನ ಮೇಲೆ ಸುಟ್ಟ ಬಿಸಿ ರೊಟ್ಟಿಯಲ್ಲಿ ಇನ್ನೂ ಸಾಕಷ್ಟು ನೀರಿರುತ್ತದೆ. ಅದನ್ನು ಸಣ್ಣ ಉರಿಯ ಮೇಲೆ ಒತ್ತಿ ಒತ್ತಿ, ಇಲ್ಲವೇ ಒಲೆಯ ಬದಿಗೆ ನಿಲ್ಲಿಸಿ ಪೂರಾ ಒಣಗಿಸಿದರೆ ಮಾತ್ರ ಖಡಕ್. ಮಧ್ಯದಲ್ಲಿ ದಪ್ಪ ಉಳಿದ ರೊಟ್ಟಿಗೆ ಅಂಚು ಗರಿಗರಿ, ನಡುವೆ ತೇವ. ಶ್ರಾವಣದ ಹಸಿ ಗಾಳಿಗೆ ಆ ನಡುಭಾಗದಿಂದಲೇ ಬೂಸ್ಟು ಶುರುವಾಗುತ್ತದೆ.

ಕೊಳ್ಳುವಾಗ ಕಟ್ಟಿನ ಮೇಲಿನ ರೊಟ್ಟಿ ನೋಡಿ ತೃಪ್ತಿಪಡಬೇಡಿ, ನಡುವಿನದೊಂದು ಎಳೆಯಿರಿ. ಎರಡೂ ಕೈಯಲ್ಲಿ ಹಿಡಿದು ನಟ್ಟನಡುವೆ ಮುರಿಯಿರಿ. ಟಕ್ ಅಂತ ಮುರಿದು ಚೂರು ಸಿಡಿದರೆ ಸರಿ. ಸ್ವಲ್ಪ ಬಾಗಿ ಆಮೇಲೆ ಮುರಿದರೆ ಅದು ಈ ವಾರ ತಿನ್ನುವ ರೊಟ್ಟಿ, ಇಡುವ ರೊಟ್ಟಿಯಲ್ಲ. ಬೆಳಕಿಗೆ ಹಿಡಿದರೆ ದಪ್ಪ ತೆಳುವು ಕಾಣುತ್ತದೆ. ಮೇಲೆ ಬಿಳಿ ಚುಕ್ಕೆ ಇದ್ದರೆ ಬೆರಳಲ್ಲಿ ಒರೆಸಿ: ಒಣಹಿಟ್ಟಾದರೆ ಉದುರಿ ಹೋಗುತ್ತದೆ, ಬೂಸ್ಟಾದರೆ ಒರೆಸಿದ ಜಾಗ ಮಾಸಲಾಗಿ ಉಳಿದು ಮುಗ್ಗಲು ವಾಸನೆ ಬರುತ್ತದೆ. ಕಟ್ಟಿನಲ್ಲಿ ಒಂದಕ್ಕೆ ಬೂಸ್ಟಿದ್ದರೆ ಇಡೀ ಕಟ್ಟು ವಾಪಸ್. ಆ ಒಂದನ್ನು ತೆಗೆದುಹಾಕಿ ಉಳಿದದ್ದು ಒಳ್ಳೆಯದು ಅನ್ನುವ ಅಂಗಡಿಯವರ ಮಾತು ಕೇಳಬೇಡಿ.

ಜೋಳ ಯಾವುದು ಅಂತ ಕೇಳುವುದು ಇಲ್ಲಿ ಹೊಸದಲ್ಲ. ಹಿಂಗಾರಿ ಜೋಳ, ಅದರಲ್ಲೂ ಮಾಲ್ದಂಡಿ, ಬೆಳ್ಳಗೆ ಸಿಹಿಯಾಗಿರುತ್ತದೆ. ಮುಂಗಾರಿ ಜೋಳಕ್ಕೆ ತೆನೆ ಬಲಿಯುವಾಗ ಮಳೆ ಸಿಕ್ಕಿದರೆ ಕಾಳು ಕಪ್ಪಾಗಿ, ರೊಟ್ಟಿಗೂ ಮಾಸಲು ಬಣ್ಣ, ಒಂದು ಥರದ ಮಣ್ಣುವಾಸನೆ. ಮಷೀನಿನಲ್ಲಿ ಒತ್ತಿದ ರೊಟ್ಟಿ ಗುಂಡಗೆ ಒಂದೇ ಅಳತೆಗೆ ಬರುತ್ತದೆ, ಪೇರಿಸಲು ಅನುಕೂಲ. ಹಿಟ್ಟು ಹರಿಯದಿರಲೆಂದು ಗೋಧಿ ಹಿಟ್ಟು ಬೆರೆಸಿದ್ದರೆ ಮಾತ್ರ ತೇವ ತಗುಲಿದ ಕೂಡಲೇ ಚರ್ಮದ ಹಾಗೆ ಜಗ್ಗುತ್ತದೆ. ಬರೀ ಜೋಳದ್ದೇ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಸಜ್ಜಿ ರೊಟ್ಟಿ ಎಳ್ಳು ಹಚ್ಚಿ ಬಲು ರುಚಿ, ಆದರೆ ದಾಸ್ತಾನಿಗೆ ಬೇಡ. ಸಜ್ಜೆಯಲ್ಲಿ ಜೋಳಕ್ಕಿಂತ ಜಿಡ್ಡು ಜಾಸ್ತಿ, ಹಿಟ್ಟಾದ ಮೇಲೆ ಬೇಗ ಕಹಿ ಹಿಡಿಯುತ್ತದೆ. ಎಳ್ಳಿನ ಎಣ್ಣೆಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಸಜ್ಜಿ ಸಂಕ್ರಾಂತಿಗೆ ಇರಲಿ.

ಇನ್ನು ಕಟ್ಟುವ ರೀತಿ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವರು ಕೂಡುತ್ತದೆ. ಎಷ್ಟೇ ಒಳ್ಳೆಯ ರೊಟ್ಟಿಯಾದರೂ ಅಲ್ಲಿಗೆ ಮುಗಿಯಿತು. ಹಳೆ ಪೇಪರಿನಲ್ಲಿ ಸುತ್ತಿ ಕೊಡುವವರು ಇನ್ನೂ ಇದ್ದಾರೆ. ಆ ಮಸಿ ತಿನಿಸಿಗೆ ಹತ್ತಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದ್ದೇ ಇದೆ, ಬಿಳಿ ಬಟ್ಟೆ ಒಯ್ಯಿರಿ. ಮನೆಗೆ ತಂದ ಮೇಲೆ ಬಿಸಿಲಿದ್ದರೆ ತೆಳು ಬಟ್ಟೆ ಮುಚ್ಚಿ ಒಂದು ತಾಸು ಬಿಸಿಲಿಗಿಟ್ಟು, ನೆರಳಿನಲ್ಲಿ ಆರಿಸಿ, ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ. ಇಲ್ಲೊಂದು ಎಡವಟ್ಟಿದೆ: ಕೇಂದ್ರದ ರೊಟ್ಟಿ ಸಾಮಾನ್ಯವಾಗಿ ಅಗಲ, ಮನೆಯ ಡಬ್ಬಿಯ ಬಾಯಿ ಸಣ್ಣದು. ಡಬ್ಬಿ ಅಳತೆ ಹೇಳಿ ಸಣ್ಣ ರೊಟ್ಟಿ ಮಾಡಿಸಿ. ಮದುವೆ, ಜಾತ್ರೆಗೆ ನೂರುಗಟ್ಟಲೆ ಬಡಿಯುವವರಿಗೆ ಇದು ಕಷ್ಟದ ಮಾತಲ್ಲ. ಮುರಿದರೂ ಚಿಂತೆಯಿಲ್ಲ, ಚೂರು ರೊಟ್ಟಿಯೂ ಅಷ್ಟೇ ಹೊಟ್ಟೆ ತುಂಬುತ್ತದೆ. ಹೀಗಿಟ್ಟದ್ದು ಬೇಸಿಗೆಯಲ್ಲಿ ಎರಡು ತಿಂಗಳು ಆರಾಮಾಗಿ ಬರುತ್ತದೆ, ಮಳೆಗಾಲದಲ್ಲಿ ಒಂದು ತಿಂಗಳು ಅಂತಲೇ ಹಿಡಿಯಿರಿ. ಡಬ್ಬಿಯನ್ನು ದಿನಾ ತೆಗೆದು ಮುಚ್ಚಿದರೆ ಅಷ್ಟೂ ಇಲ್ಲ. ದಾಸ್ತಾನಿನ ಡಬ್ಬಿ ಬೇರೆ, ದಿನದ ಡಬ್ಬಿ ಬೇರೆ.

ಅರ್ಧ ಅಂಕ ಕಳೆದದ್ದು ಹಲ್ಲಿನ ಸಲುವಾಗಿ. ಮುದುಕರು, ಸಣ್ಣ ಮಕ್ಕಳು ಖಡಕ್ ರೊಟ್ಟಿ ಕಡಿಯಲಾರರು. ಎರಡೂ ಬದಿ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮಡಚುವಷ್ಟು ಮೆತ್ತಗಾಗುತ್ತದೆ. ರೊಟ್ಟಿಗೆ ಎರಡು ಮೂರು ಚಮಚ ನೀರು ಸಾಕು. ಮಜ್ಜಿಗೆಯಿದ್ದರೆ ಮುರಿದು ಹಾಕಿಕೊಟ್ಟರಾಯಿತು.

ಚಟ್ನಿಪುಡಿಯ ಲೆಕ್ಕ

ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ. ನಾಲ್ಕೂ ಸಿಗುತ್ತವೆ, ನಾಲ್ಕೂ ಒಂದೇ ಥರ ಬಾಳುವುದಿಲ್ಲ. ಅಗಸಿ ಇಡಿಯಾಗಿದ್ದಾಗ ಗಟ್ಟಿ, ಕುಟ್ಟಿದ ಮೇಲೆ ಅದರ ಎಣ್ಣೆಗೆ ಗಾಳಿ ತಗುಲಿ ಬಹಳ ಬೇಗ ಕಮಟು ಹಿಡಿಯುತ್ತದೆ. ನಮ್ಮ ಸೆಕೆಯಲ್ಲಿ ಮೂರು ನಾಲ್ಕು ವಾರವೇ ಹೆಚ್ಚು. ಗುರೆಳ್ಳು ಅದಕ್ಕಿಂತ ಸ್ವಲ್ಪ ವಾಸಿ. ಶೇಂಗಾ ಪುಡಿ ತಿಂಗಳು, ಒಂದೂವರೆ ತಿಂಗಳು. ಪುಟಾಣಿ ಪುಡಿಯಲ್ಲಿ ಜಿಡ್ಡು ಕಡಿಮೆ, ಹಾಗಾಗಿ ಎಲ್ಲಕ್ಕಿಂತ ಹೆಚ್ಚು ದಿನ ನಿಲ್ಲುವುದು ಅದೇ. ಒಣಕೊಬ್ಬರಿ ಹಾಕಿದ್ದರೆ ಯಾವ ಪುಡಿಯಾದರೂ ಅರ್ಧ ಆಯುಷ್ಯ. ಬೆಳ್ಳುಳ್ಳಿ ಹಸಿಯಾಗಿ ಕುಟ್ಟಿದ್ದರೆ ಗಂಟು ಕಟ್ಟುತ್ತದೆ. ಹುರಿದು ಹಾಕಿದ್ದೀರಾ ಅಂತ ಕೇಳಿ.

ದೊಡ್ಡ ಪೊಟ್ಟಣ ಅಗ್ಗ ಅಂತ ಅರ್ಧ ಕಿಲೋ ತರಬೇಡಿ. 100 ಗ್ರಾಂನ ಐದು ಪೊಟ್ಟಣ ತನ್ನಿ, ಒಂದು ಒಡೆದರೆ ನಾಲ್ಕು ಮುಚ್ಚಿರುತ್ತವೆ. ರುಬ್ಬಿದ ದಿನ ಬರೆಯದ ಪೊಟ್ಟಣ ದಾಸ್ತಾನಿಗೆ ಲಾಯಕ್ಕಿಲ್ಲ. ಕಟ್ಟಿ ಮಾರುವ ತಿನಿಸಿನ ಮೇಲೆ ತಯಾರಾದ ಇಲ್ಲವೇ ಪ್ಯಾಕ್ ಮಾಡಿದ ದಿನ, ಬಳಸಬೇಕಾದ ಅವಧಿ, ನಿವ್ವಳ ತೂಕ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಮನೆಯಲ್ಲೇ ಮಾಡಿ ಮಾರುವ ಎಷ್ಟೋ ಹೆಣ್ಣುಮಕ್ಕಳು ಈಗ ಇದನ್ನೆಲ್ಲ ಚೊಕ್ಕವಾಗಿ ಮುದ್ರಿಸುತ್ತಾರೆ; ದೊಡ್ಡ ಅಂಗಡಿಗಳಲ್ಲೇ ಕೆಲವು ಕಡೆ ತಾರೀಖಿನ ಮೇಲೆ ಬೆಲೆಚೀಟಿ ಅಂಟಿಸಿಟ್ಟಿರುತ್ತಾರೆ. ಅದನ್ನು ಕೆರೆದು ನೋಡಿ.

ಅವಲಕ್ಕಿ ಮತ್ತು ಅದರ ಬಳಗ

ಪೇಪರ್ ಅವಲಕ್ಕಿಗೆ ನೀರೇ ಬೇಡ. ಎಣ್ಣೆ, ಚಟ್ನಿಪುಡಿ, ಪುಟಾಣಿ, ಶೇಂಗಾ ಹಚ್ಚಿ ಕಲಸಿದರೆ ಹಚ್ಚಿದ ಅವಲಕ್ಕಿ ತಯಾರು. ದಪ್ಪ ಅವಲಕ್ಕಿ ತಣ್ಣೀರಲ್ಲಿ ಹದಿನೈದು ನಿಮಿಷಕ್ಕೆ ಮೆತ್ತಗಾಗುತ್ತದೆ, ಬೆಲ್ಲ ಕೂಡಿದರೆ ಊಟವೇ. ಒಂದು ಕಿಲೋ ದಪ್ಪ, ಒಂದು ಕಿಲೋ ಪೇಪರ್ ಇಡುವುದು ಜಾಣತನ. ದಪ್ಪ ಅವಲಕ್ಕಿಯನ್ನು ತೊಳೆಯದೆ ತಿನ್ನಬಾರದು, ಧೂಳು ಬಹಳ. ಹಾಗಾಗಿ ನೀರಿನ ಲೆಕ್ಕದಲ್ಲಿ ಅದಕ್ಕೂ ಒಂದು ಪಾಲು ಹಿಡಿಯಿರಿ. ಬಿಡಿಯಾಗಿ ಚೀಲದಿಂದ ತೂಗಿ ಕೊಡುವ ಅವಲಕ್ಕಿಯಲ್ಲಿ ನುಸಿಯ ಮೊಟ್ಟೆ ಬಂದಿರುವ ಸಂಭವ ಹೆಚ್ಚು. ಮುಚ್ಚಿದ ಪೊಟ್ಟಣವಾದರೂ ಮೂಲೆ ಹಿಡಿದು ಬೆಳಕಿಗೆ ನೋಡಿ, ಜೇಡನ ಬಲೆಯಂಥ ನೂಲು ಕಂಡರೆ ಒಳಗೆ ಹುಳ ಮನೆ ಮಾಡಿದೆ.

ಮಂಡಕ್ಕಿ ನಮ್ಮ ಜನಕ್ಕೆ ಜೀವ. ಮುಂಜಾನೆ ಒಗ್ಗರಣಿ (ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ), ಮಿರ್ಚಿ ಇಲ್ಲದೆ ಅಂಗಡಿ ಬಾಗಿಲು ತೆಗೆಯುವುದಿಲ್ಲ. ದಾಸ್ತಾನಿಗೆ ಮಾತ್ರ ಇದು ದಂಡ. ತೂಕ ಕಡಿಮೆ, ಜಾಗ ಬಹಳ ತಿನ್ನುತ್ತದೆ, ಗಾಳಿ ತಾಕಿದರೆ ಮೆತ್ತಗಾಗುತ್ತದೆ, ಒಗ್ಗರಣೆಗೆ ನೆನೆಸುವ ನೀರು, ಒಲೆ ಎರಡೂ ಬೇಕು. ತಿಂದ ಒಂದು ತಾಸಿಗೆ ಮತ್ತೆ ಹಸಿವು. ಮಕ್ಕಳ ಬಾಯಾಡಿಸಲು ಒಂದು ಪೊಟ್ಟಣ ಇರಲಿ, ಸಾಕು.

ಪುಟಾಣಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಯಾರೂ ಇದನ್ನು ತುರ್ತಿನ ತಿನಿಸು ಅಂತ ಎಣಿಸುವುದಿಲ್ಲ. ನೂರು ಗ್ರಾಂಗೆ 20 ಗ್ರಾಂ ಮೇಲೆ ಪ್ರೋಟೀನು, ಜಿಡ್ಡು ಕಡಿಮೆ, ಹುರಿದದ್ದಾದ್ದರಿಂದ ಹಾಗೇ ತಿನ್ನಬಹುದು. ಬೆಲ್ಲದ ಜೊತೆ ಒಂದು ಹಿಡಿ ತಿಂದು ನೀರು ಕುಡಿದರೆ ಅರ್ಧ ದಿನ ನಡೆಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬಿಸ್ಕೆಟ್ಟಿಗಿಂತ ಬೆಲ್ಲವಿಲ್ಲದ ಪುಟಾಣಿಯೇ ಮೇಲು. ಶೇಂಗಾ ಕೊಳ್ಳುವುದಾದರೆ ಹುರಿದು ಉಪ್ಪು ಹಾಕಿದ ಬೀಜ ಬೇಡ, ಸಿಪ್ಪೆ ಸಮೇತ ಹುರಿದದ್ದು ತನ್ನಿ. ಸಿಪ್ಪೆಯೊಳಗೆ ಎಣ್ಣೆ ಬೇಗ ಕೆಡುವುದಿಲ್ಲ. ಮುದುಡಿದ, ಕಪ್ಪಿಟ್ಟ, ಬೂಸ್ಟು ಹಿಡಿದ ಬೀಜ ಎಸೆದುಬಿಡಿ, ಆ ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ.

ಉಂಡಿಗಳ ಕಾಲ ನಮಗೆ ಚೆನ್ನಾಗಿ ಕೂಡಿಬಂದಿದೆ. ನಾಗರ ಪಂಚಮಿ ಬರುವುದೇ ಹೊಳೆ ತುಂಬುವ ಹೊತ್ತಿಗೆ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಪೇಟೆ ತುಂಬ ಇರುತ್ತವೆ. ಪಾಕ ಎಳೆಯದಾಗಿದ್ದರೆ ಉಂಡಿ ಬೆವರಿ ಒಂದಕ್ಕೊಂದು ಅಂಟುತ್ತದೆ. ಕೈಗೆ ಜಿಗುಟು ಹತ್ತದ ಉಂಡಿಯನ್ನೇ ಆರಿಸಿ. ಶೇಂಗಾ ಹೋಳಿಗೆ ಹದಿನೈದು ದಿನದ ಮಾತು, ಅದನ್ನು ದಾಸ್ತಾನು ಅನ್ನಲಾಗದು.

ಕಂಪನಿಯ ಪೊಟ್ಟಣಗಳು

ರಿಟಾರ್ಟ್ ಪೊಟ್ಟಣವನ್ನು ಹಗುರವಾಗಿ ನೋಡಬಾರದು. ಪಾಲಿಯೆಸ್ಟರ್, ಅಲ್ಯುಮಿನಿಯಂ, ಪಾಲಿಪ್ರೊಪಿಲೀನ್ ಪದರಗಳ ಚೀಲಕ್ಕೆ ಬೇಯಿಸಿದ ತಿನಿಸು ತುಂಬಿ, ಮೊಹರು ಹಾಕಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಒಳಗಿನ ಸೂಕ್ಷ್ಮಜೀವಿ ಸಾಯುತ್ತವೆ, ಹೊರಗಿನವು ಬರಲಾರವು, ಹಾಗಾಗಿ ಕೆಡದಂತೆ ತಡೆಯುವ ರಾಸಾಯನಿಕ ಬೇಕಿಲ್ಲ. ಸೈನಿಕರ ಸಲುವಾಗಿ ಈ ತಂತ್ರವನ್ನು ನಮ್ಮಲ್ಲಿ ಹದಕ್ಕೆ ತಂದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಎಂಟಿಆರ್‌ನಂಥ ಕಂಪನಿಗಳ ಪೊಟ್ಟಣ ರಾಯಚೂರಿನ ದೊಡ್ಡ ಕಿರಾಣಿ ಅಂಗಡಿಗಳಲ್ಲೂ ಸಿಗುತ್ತದೆ.

ತೊಡಕು ಇರುವುದು ಆಯ್ಕೆಯಲ್ಲಿ. ಜನ ಕೈ ಹಾಕುವುದು ಪುಲಾವು, ಬಿಸಿಬೇಳೆಬಾತಿಗೆ. ಕಾಯಿಸದೆ ತಿಂದರೆ ಅನ್ನದ ಅಗುಳು ಗಟ್ಟಿ, ಬಾಯಿಗೆ ಒಣಒಣ. ಅದರ ಬದಲು ದಾಲ್, ರಾಜ್ಮಾ, ಛೋಲೆ ಥರದ್ದು ತನ್ನಿ. ಇವನ್ನು ತಣ್ಣಗೇ ತಿನ್ನಬಹುದು, 300 ಗ್ರಾಂನ ಒಂದು ಪೊಟ್ಟಣ ನಾಲ್ಕೈದು ಖಡಕ್ ರೊಟ್ಟಿಯನ್ನು ಮೆತ್ತಗೆ ಮಾಡುತ್ತದೆ. ಹಲ್ಲಿಲ್ಲದವರ ಸಮಸ್ಯೆಯೂ ಪರಿಹಾರ, ನೀರೂ ಉಳಿತಾಯ. ನಾಲ್ಕು ಜನರ ಮನೆಗೆ ಇಂಥ ಆರು ಪೊಟ್ಟಣ ಸಾಕು. ಹೀಗೆ ಬಳಸಿದರೆ ಐದಕ್ಕೆ ನಾಲ್ಕು. ಇದನ್ನೇ ಮುಖ್ಯ ಊಟ ಮಾಡಿಕೊಂಡರೆ ಎರಡು.

ಒಲೆಯಿದ್ದರೆ ಪೊಟ್ಟಣ ಒಡೆಯದೆ ಕುದಿನೀರಿನಲ್ಲಿ ಮೂರರಿಂದ ಐದು ನಿಮಿಷ ಇಡಿ, ಆ ನೀರನ್ನು ಕೈತೊಳೆಯಲು ಬಳಸಿ. ಉಬ್ಬಿದ ಪೊಟ್ಟಣವನ್ನು ಒಡೆದು ಮೂಸಿ ನೋಡುವ ಸಾಹಸ ಬೇಡ, ಹಾಗೇ ಎಸೆಯಿರಿ. ಅಂಚಿನ ಮೊಹರಿನ ಬಳಿ ಎಣ್ಣೆ ಜಿನುಗಿದ್ದರೂ ಅಷ್ಟೇ. ಇಲಿಗೆ ಈ ಚೀಲ ಒಂದೇ ಹಲ್ಲಿನ ಕೆಲಸ, ತಗಡಿನ ಡಬ್ಬಿಯಲ್ಲೇ ಇರಬೇಕು. ಒಡೆದ ಮೇಲೆ ಬೇಸಿಗೆಯಲ್ಲಿ ಒಂದು ತಾಸಿನೊಳಗೆ ಮುಗಿಸಿ. ರಾತ್ರಿಗೆ ಅಂತ ಅರ್ಧ ಎತ್ತಿಟ್ಟರೆ ಹೊಟ್ಟೆ ಕೆಡುತ್ತದೆ. ನೆರೆಯಲ್ಲಿ ಹೊಟ್ಟೆ ಕೆಟ್ಟರೆ ಹಸಿವಿಗಿಂತ ದೊಡ್ಡ ಕಷ್ಟ.

ಲೋಟದಂಥ ಕಪ್‌ನಲ್ಲಿ ಬರುವ ಉಪ್ಪಿಟ್ಟು, ಅವಲಕ್ಕಿಗೆ ಕುದಿನೀರು ಬೇಕೇ ಬೇಕು. ತಣ್ಣೀರು ಹಾಕಿದರೆ ರವೆ ಹಿಟ್ಟುಹಿಟ್ಟಾಗಿ ಉಳಿಯುತ್ತದೆ. ಆ ಕಪ್ ಜಾಗವನ್ನೂ ತಿನ್ನುತ್ತದೆ. ಒಲೆಯ ಖಾತ್ರಿ ಇರುವ ಪೇಟೆ ಮನೆಗೆ ಪರವಾಗಿಲ್ಲ. ಮ್ಯಾಗಿ ಮುಂತಾದ ನೂಡಲ್ಸ್ ಮೊದಲೇ ಬೇಯಿಸಿ ಕರಿದದ್ದಾದ್ದರಿಂದ ಒಣಗಿದ್ದನ್ನೇ ಮುರಿದು ತಿನ್ನಬಹುದು, ಮಕ್ಕಳು ಅದನ್ನು ಯಾರೂ ಹೇಳಿಕೊಡದೆ ಕಲಿತಿದ್ದಾರೆ. ಮಸಾಲೆ ಪುಡಿಯಲ್ಲಿ ಉಪ್ಪು ಜಾಸ್ತಿ. ತಿಂದಷ್ಟೂ ನೀರಡಿಕೆ, ಬಿಪಿಯವರಿಗೆ ಬೇಡ. ಬಿಸ್ಕೆಟ್ಟಿನಲ್ಲಿ ಗ್ಲೂಕೋಸ್, ಮಾರಿ ಸಣ್ಣ ಪೊಟ್ಟಣ ಒಳ್ಳೆಯವು. ಸೋಪು, ಊದಿನಕಡ್ಡಿ, ಫಿನಾಯಿಲ್ ಪಕ್ಕದಲ್ಲಿ ಇಟ್ಟರೆ ಆ ವಾಸನೆ ಹೀರಿಕೊಂಡುಬಿಡುತ್ತವೆ. ಬೇಕರಿ ಟೋಸ್ಟ್ ಮಳೆಗಾಲಕ್ಕೆ ಹೇಳಿದ್ದಲ್ಲ.

ಹಾಲಿಗೆ ಟೆಟ್ರಾ ಪೊಟ್ಟಣ ಅನುಕೂಲ, ನಂದಿನಿ ಗುಡ್‌ಲೈಫ್ ಥರದ್ದು, ಒಡೆಯುವ ತನಕ ಫ್ರಿಜ್ ಬೇಡ. ಒಡೆದ ಮೇಲೆ ಅದೂ ಸಾದಾ ಹಾಲೇ, ಹಾಗಾಗಿ ಒಂದು ಲೀಟರಿನದಕ್ಕಿಂತ ಸಣ್ಣದನ್ನು ಆರಿಸಿ. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲೇ ನಡೆಯಲಿ, ತಾಯಿಗೆ ಊಟ ನೀರು ಮೊದಲು ಸಿಗಲಿ. ಪುಡಿಹಾಲನ್ನು ಕೆಟ್ಟ ನೀರಿನಲ್ಲಿ ಕಲಸಿ ಕೂಸಿಗೆ ಕೊಡುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಆನ್‌ಲೈನಿನಲ್ಲಿ 25 ವರ್ಷ ಬಾಳುತ್ತದೆ ಅನ್ನುವ ಒಣಗಿಸಿದ ಊಟದ ಬಕೆಟ್ಟುಗಳು ಕಾಣುತ್ತವೆ. ಮಂಜು ಬೀಳುವ ದೇಶದ ನೆಲಮಾಳಿಗೆಗೆ ಅದು ಸರಿ. ದುಬಾರಿ, ಬಿಸಿನೀರು ಬೇಡುತ್ತದೆ, ಮಸಾಲೆ ನಮ್ಮ ಬಾಯಿಗೆ ಹತ್ತುವುದಿಲ್ಲ.

ಎಲ್ಲಿಡುವುದು

ಈ ಜಿಲ್ಲೆಯ ನಿಜವಾದ ಪೇಚು ಇಲ್ಲಿದೆ. ನೆರೆಗೆ ಹೆದರಿ ಅಟ್ಟಕ್ಕೆ ಏರಿಸಿದರೆ ಸೆಕೆಗೆ ಎಣ್ಣೆ ಕಮಟುತ್ತದೆ. ತಂಪೆಂದು ನೆಲದ ಮೇಲಿಟ್ಟರೆ ತೇವ, ಇಲಿ, ನೀರು. ತಗಡಿನ ಮನೆಯಲ್ಲಂತೂ ಅಟ್ಟ ಹಂಚಿನಷ್ಟೇ ಬಿಸಿ. ಶಾಖ 10 ಡಿಗ್ರಿ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ತಿಳಿಯಿರಿ. ಅದಕ್ಕೇ ಮಾರ್ಚಿಯಿಂದ ಮೇವರೆಗೆ ದೊಡ್ಡ ದಾಸ್ತಾನೇ ಬೇಡ. ಪುಟಾಣಿ, ಬೆಲ್ಲ, ಅವಲಕ್ಕಿ, ಓಆರ್‌ಎಸ್ ಇದ್ದರೆ ಸಾಕು, ಅದೂ ಬಿಸಿಲು ಬೀಳದ ಒಳಗೋಡೆಯ ಎದೆಯೆತ್ತರದ ಕಪಾಟಿನಲ್ಲಿ. ಜೂನ್ ಕಡೆಯ ವಾರ ರೊಟ್ಟಿ, ಚಟ್ನಿಪುಡಿ, ದಾಲ್ ಪೊಟ್ಟಣ ತಂದು ತುಂಬಿ ಮೇಲಿನ ಕಪಾಟಿಗೆ ಏರಿಸಿ. ಪಂಚಮಿಗೆ ರೊಟ್ಟಿ ಬದಲಿಸಿ, ಗಣಪತಿ ಹಬ್ಬಕ್ಕೆ ಇನ್ನೊಮ್ಮೆ. ತೆಗೆದ ಹಳೆ ರೊಟ್ಟಿ ದಿನದ ಊಟಕ್ಕೆ. ದೀಪಾವಳಿ ಹೊತ್ತಿಗೆ ಉಳಿದದ್ದೆಲ್ಲ ತಿಂದು ಡಬ್ಬಿ ತೊಳೆದು ಬಿಸಿಲಿಗಿಡಿ. ಡಬ್ಬಿಯ ಮೇಲೆ ತಿಂಗಳನ್ನು ದಪ್ಪ ಮಾರ್ಕರಿನಲ್ಲಿ ಬರೆಯಿರಿ. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲಾಗುತ್ತದೆ.

ಹೊಳೆದಂಡೆಯ ಮನೆಯವರು ಇದರಲ್ಲೇ ಒಂದು ದಿನದ ಪಾಲು ಬೇರೆ ಚೀಲದಲ್ಲಿ ಕಟ್ಟಿಡಬೇಕು. ಒಬ್ಬರಿಗೆ 5 ರೊಟ್ಟಿ, ಕಾಲು ಕಿಲೋ ಪುಟಾಣಿ ಬೆಲ್ಲ, ಒಂದು ಚಟ್ನಿಪುಡಿ, 2 ಲೀಟರ್ ನೀರು, ಎರಡು ಓಆರ್‌ಎಸ್. ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡ, ತೆಪ್ಪ ಹತ್ತುವಾಗ ಒಡೆಯುವುದು ಅದೇ.

ನೀರು, ಒಲೆ

ಕುಡಿಯಲು, ತಿನ್ನಲು ಅಂತ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ 3 ದಿನಕ್ಕೆ 48 ಲೀಟರ್. ಎರಡು 20 ಲೀಟರ್ ಕ್ಯಾನು, ಮೇಲೆ ಎಂಟು ಹತ್ತು ಲೀಟರ್ ಬಾಟಲಿ. ಘಟಕದ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಬೆಳಕು ಬಿದ್ದರೆ ಕ್ಯಾನಿನೊಳಗೆ ಪಾಚಿ. ಗೋಣಿ ಮುಚ್ಚಿ ಕತ್ತಲಲ್ಲಿಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಿ. ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ, ಆರೋಗ್ಯ ಕಾರ್ಯಕರ್ತೆಯರು ಕೊಡುತ್ತಾರೆ. ಎಷ್ಟು ಲೀಟರಿಗೆ ಒಂದು ಅನ್ನುವುದು ಮಾತ್ರೆಯ ಅಳತೆಗೆ ತಕ್ಕಂತೆ ಬದಲಾಗುತ್ತದೆ, ಮಾತ್ರೆಯ ಪೊಟ್ಟಣದ ಮೇಲೆ ಓದಿಯೇ ಹಾಕಿ. ರಾಡಿ ನೀರಿಗೆ ನೇರವಾಗಿ ಹಾಕಿದರೆ ಕ್ಲೋರಿನ್ನಿನ ಶಕ್ತಿ ಕೆಸರಿಗೇ ಖರ್ಚಾಗುತ್ತದೆ. ಮೊದಲು ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ ಹಾಕಿ, ಅರ್ಧ ತಾಸು ಕಾಯಿರಿ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಒಲೆಗೆ 5 ಕಿಲೋದ ಸಣ್ಣ ಸಿಲಿಂಡರ್ ಒಂದು ಇಟ್ಟುಕೊಂಡರೆ ಎತ್ತಿಕೊಂಡು ಹೋಗಲೂ ಸುಲಭ. ಮನೆಯ 14.2 ಕಿಲೋ ಸಿಲಿಂಡರ್ ತುಂಬಿದ್ದರೂ ನೀರಿನಲ್ಲಿ ತೇಲುತ್ತದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ನೀರು ಒಳಬರುವ ಮುನ್ಸೂಚನೆ ಇದ್ದರೆ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಕಿಟಕಿಯ ಸರಳಿಗೆ ನಿಲುವಾಗಿ ಕಟ್ಟಿ.

ನೆರೆ ನೀರಲ್ಲಿ ಮುಳುಗಿದ ಡಬ್ಬಿಯಲ್ಲಿ ಏನು ಉಳಿಸಬಹುದು? ಅವಲಕ್ಕಿ, ಬಿಸ್ಕೆಟ್, ನೂಡಲ್ಸ್, ತಿರುಪು ಮುಚ್ಚಳದ ಬಾಟಲಿ, ಟೆಟ್ರಾ ಹಾಲು, ಪುಡಿಗಳು ಎಲ್ಲ ತಿಪ್ಪೆಗೆ, ಪೊಟ್ಟಣ ಹರಿಯದೆ ಇದ್ದರೂ. ಎಲ್ಲೂ ತೂತು, ಸೀಳು, ಉಬ್ಬು ಇಲ್ಲದ ರಿಟಾರ್ಟ್ ಪೊಟ್ಟಣ ಮಾತ್ರ ಉಳಿಸಿಕೊಳ್ಳಬಹುದು: ಕೆಸರು ತೊಳೆದು, ಸೋಪು ಹಚ್ಚಿ ತಿಕ್ಕಿ, ಒಂದು ಲೀಟರ್ ಒಳ್ಳೆಯ ನೀರಿಗೆ ಒಂದು ಟೀ ಚಮಚ ವಾಸನೆಯಿಲ್ಲದ ದ್ರವ ಬ್ಲೀಚ್ ಬೆರೆಸಿ ಹದಿನೈದು ನಿಮಿಷ ಮುಳುಗಿಸಿಟ್ಟು, ಗಾಳಿಗೆ ಒಣಗಿಸಿ, ಅವತ್ತೇ ಇಲ್ಲವೇ ಮರುದಿನ ತಿಂದು ಮುಗಿಸಿ.